ಹುಲಿಯ ಹೆಜ್ಜೆಗಿಂತ ಮೊದಲು ಮನುಷ್ಯನ ಹೆಜ್ಜೆ ಹುಡುಕಿ

ದನ ಮೇಯಿಸಲು ಹೋದವರು ಕತ್ತಲಾದರೂ ಬಂದಿಲ್ಲ, ದನಗಳು ಮಾತ್ರ ತಾವಾಗಿಯೇ ಕೊಟ್ಟಿಗೆ ಸೇರಿವೆ. ಅಣಬೆ ಕೀಳಲು ಕಾನು ಹೊಕ್ಕ ಅಜ್ಜಿ ಮಧ್ಯಾಹ್ನದ ಊಟಕ್ಕೆ ಬಂದಿಲ್ಲ. ಚಾರಣಕ್ಕೆ ಹತ್ತಿದ ಐವರಲ್ಲಿ ನಾಲ್ವರು ಮಾತ್ರ ಇಳಿದಿದ್ದಾರೆ. ಘಟ್ಟದ ಅಂಚಿನ ಊರುಗಳಲ್ಲಿ ಇಂಥ ಸುದ್ದಿ ಹಬ್ಬಿದ ಹತ್ತೇ ನಿಮಿಷಕ್ಕೆ ಯಾರಾದರೊಬ್ಬರ ಬಾಯಿಂದ ಆ ಮಾತು ಬಂದೇ ಬರುತ್ತದೆ: ‘ಹುಲಿ ಹಿಡಿದಿರಬೇಕು.’

ಆ ಭಯಕ್ಕೆ ಕಾರಣ ಇಲ್ಲದಿಲ್ಲ. 2022ರ ಗಣತಿಯಂತೆ ಕರ್ನಾಟಕದಲ್ಲಿ 563 ಹುಲಿಗಳಿವೆ, 1,879 ಚಿರತೆಗಳಿವೆ. 2023ರ ಎಣಿಕೆಯಲ್ಲಿ ಸಿಕ್ಕ ಆನೆಗಳು 6,395. ಆದರೆ ಆ ಒಂದು ಮಾತು ಹುಡುಕಾಟವನ್ನು ಎರಡು ಕಡೆಯಿಂದ ಕೆಡಿಸುತ್ತದೆ. ಕೆಲವರು ಮನಸ್ಸಿನಲ್ಲೇ ಕೈಚೆಲ್ಲುತ್ತಾರೆ. ಉಳಿದವರು ದೊಣ್ಣೆ, ಕತ್ತಿ ಹಿಡಿದು ನೂರು ಜನ ಒಟ್ಟಿಗೆ ನುಗ್ಗುತ್ತಾರೆ, ಇದ್ದ ಒಂದೇ ಒಂದು ಜಾಡು ಅವರ ಕಾಲಡಿ ಅಳಿದುಹೋಗುತ್ತದೆ. ಬಂಡೆಯ ಮೇಲೆ ಕಾಲು ಜಾರುವುದು, ಹಳ್ಳದ ಸೆಳವು, ಮಳೆಯಲ್ಲಿ ನೆಂದು ಮೈ ತಣ್ಣಗಾಗುವುದು, ಹಾವು ಕಚ್ಚುವುದು, ದಾರಿ ತಪ್ಪಿ ಸುತ್ತುವುದು, ಇವೆಲ್ಲ ಹುಲಿ ಇರುವ ಕಾಡಿನಲ್ಲೂ ಆಗುತ್ತವೆ. ಇವುಗಳಲ್ಲಿ ಹೆಚ್ಚಿನವುಗಳಲ್ಲಿ ಮನುಷ್ಯ ಇನ್ನೂ ಬದುಕಿರುವ ಸಾಧ್ಯತೆ ಇರುತ್ತದೆ. ಆದ್ದರಿಂದ ಹುಡುಕಾಟ ಶುರುವಾಗಬೇಕಾದ್ದು ಮನುಷ್ಯನ ಹೆಜ್ಜೆಯಿಂದ.

ಮೊದಲ ಗಂಟೆ

ಪೊಲೀಸರಿಗೆ 112ಕ್ಕೆ ಕರೆ ಮಾಡಿ, ಹತ್ತಿರದ ಅರಣ್ಯ ಕಚೇರಿಗೂ ತಿಳಿಸಿ. 24 ಗಂಟೆ ಕಾದು ದೂರು ಕೊಡಬೇಕು ಎನ್ನುವುದು ತಪ್ಪು ತಿಳಿವಳಿಕೆ, ಅಂಥ ನಿಯಮ ಇಲ್ಲ. ಅಭಯಾರಣ್ಯ ಅಥವಾ ರಾಷ್ಟ್ರೀಯ ಉದ್ಯಾನದೊಳಗೆ ಅನುಮತಿ ಇಲ್ಲದೆ ಹೋಗುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಹಾಗಾಗಿ ಊರಿನ ಹುಡುಗರು ಅರಣ್ಯ ಸಿಬ್ಬಂದಿಯ ಜೊತೆಯಲ್ಲೇ ಹೋಗಬೇಕು. ಕಾನೂನಿನ ಮಾತು ಬಿಟ್ಟರೂ, ಯಾವ ಹಡ್ಲಿನಲ್ಲಿ (ಕಾಡಿನ ನಡುವಿನ ಜೌಗು ಹುಲ್ಲುಬಯಲು) ಇವತ್ತು ಆನೆ ನಿಂತಿದೆ, ಯಾವ ಹಳ್ಳದಲ್ಲಿ ಮರಿ ಇಟ್ಟುಕೊಂಡ ಹುಲಿ ಇದೆ ಎನ್ನುವುದು ಆ ಗಸ್ತಿನ ಕಾವಲುಗಾರರಿಗೆ, ಅಂದರೆ ವಾಚರ್‌ಗೆ ಗೊತ್ತಿರುತ್ತದೆ. ಜೇನುಕುರುಬ, ಬೆಟ್ಟಕುರುಬ, ಸೋಲಿಗ, ಮಲೆಕುಡಿಯ ಸಮುದಾಯದ ಎಷ್ಟೋ ಜನ ಈ ಕೆಲಸದಲ್ಲಿದ್ದಾರೆ. ಹುಡುಕಾಟದ ಮುಂಚೂಣಿಯಲ್ಲಿ ಅವರಿರಬೇಕು, ಅವರು ‘ನಿಲ್ಲಿ’ ಎಂದರೆ ಅಧಿಕಾರಿಯೂ ನಿಲ್ಲಬೇಕು.

ಆಮೇಲೆ ವಿಚಾರಣೆ. ಇದಕ್ಕೆ ಇಪ್ಪತ್ತು ನಿಮಿಷ ಕೊಟ್ಟರೆ ಮುಂದೆ ಹತ್ತು ಗಂಟೆ ಉಳಿಯುತ್ತದೆ. ಕೊನೆಗೆ ಕಂಡವರು ಯಾರು, ಎಲ್ಲಿ, ಎಷ್ಟು ಗಂಟೆಗೆ, ಯಾವ ಕಡೆ ಮುಖ ಮಾಡಿದ್ದರು? ಅಂಗಿಯ ಬಣ್ಣ ಏನು? ಕಾಲಲ್ಲಿ ಏನಿತ್ತು: ಹವಾಯಿ ಚಪ್ಪಲಿಯೋ, ಗಮ್‌ಬೂಟೋ, ಶೂವೋ, ಬರಿಗಾಲೋ? ಅದೇ ಜೋಡಿಯ ಹಳೆಯದು ಮನೆಯಲ್ಲಿದ್ದರೆ ಅಟ್ಟೆಯ ಫೋಟೊ ತೆಗೆದು ಎಲ್ಲ ತಂಡಗಳಿಗೂ ಕಳಿಸಿ. ಬಿಪಿ, ಸಕ್ಕರೆ, ಮೂರ್ಛೆರೋಗಕ್ಕೆ ಮಾತ್ರೆ ಇದೆಯೇ? ಕಿವಿ ಕೇಳಿಸುತ್ತದೆಯೇ? ಮನೆಯಲ್ಲಿ ಏನೆಂದು ಕರೆಯುತ್ತಾರೆ? ಈ ಕೊನೆಯ ಪ್ರಶ್ನೆ ಸಣ್ಣದಲ್ಲ. ದಾರಿ ತಪ್ಪಿದ ಮಗು ಅಪರಿಚಿತರ ದನಿಗೆ ಹೆದರಿ ಪೊದೆಯೊಳಗೆ ಅಡಗಿ ಕೂರುತ್ತದೆ, ಮನೆಯ ಹೆಸರು ಕೇಳಿದರೆ ಹೊರಗೆ ಬರಬಹುದು.

ಕಾಣೆಯಾದವರು ಗಂಟೆಗೆ 2 ಕಿ.ಮೀ. ನಡೆದರೆ ಒಂದು ಗಂಟೆಯ ನಂತರ ಅವರಿರಬಹುದಾದ ವೃತ್ತದ ವಿಸ್ತಾರ ಸುಮಾರು 12.5 ಚದರ ಕಿ.ಮೀ. ನಾಲ್ಕು ಗಂಟೆಗೆ ಅದು 200 ಚದರ ಕಿ.ಮೀ. ದಾಟುತ್ತದೆ. ಅದಕ್ಕೇ ಒಳಗೆ ನುಗ್ಗುವ ಮೊದಲು ಸುತ್ತ ಕಟ್ಟಬೇಕು. ರಸ್ತೆ, ಕಾಲುಸಂಕ, ಕೆರೆ ಏರಿ, ಬೆಂಕಿ ತಡೆಗೆ ಸವರಿದ ಫೈರ್‌ಲೈನ್, ಎಸ್ಟೇಟಿನ ಬೇಲಿ, ಹೀಗೆ ಮನುಷ್ಯ ದಾಟಲೇಬೇಕಾದ ಕಡೆಗಳಲ್ಲಿ ಇಬ್ಬಿಬ್ಬರನ್ನು ನಿಲ್ಲಿಸಿ. ಜನ ಸಾಲದಿದ್ದರೆ ದಾರಿಯ ದೂಳನ್ನು ಸೊಪ್ಪಿನಿಂದ ಗುಡಿಸಿ ಒಂದು ಮಾರಗಲ ನುಣುಪು ಮಾಡಿ ಬನ್ನಿ. ಎರಡು ಗಂಟೆಗೊಮ್ಮೆ ನೋಡಿದರೆ ಯಾರು ದಾಟಿದರು, ಯಾವ ಪ್ರಾಣಿ ದಾಟಿತು ಎರಡೂ ತಿಳಿಯುತ್ತದೆ.

ಯಾರು ಎಲ್ಲಿಗೆ ಹೋಗುತ್ತಾರೆ

ದನಗಾಹಿಗೆ ಕಾಡು ಹೊಸದಲ್ಲ. ಅವರು ಬರಲಿಲ್ಲವೆಂದರೆ ದಾರಿ ತಪ್ಪಿದ್ದಕ್ಕಿಂತ ಎಲ್ಲೋ ಬಿದ್ದಿರುವ ಸಂಭವವೇ ಹೆಚ್ಚು. ದಿನನಿತ್ಯದ ದಾರಿಯನ್ನೇ, ನೀರು ಕುಡಿಸುವ ಜಾಗದಿಂದ ಹಿಡಿದು ನೆರಳಿಗೆ ಕೂರುವ ಮರದವರೆಗೆ, ಮೊದಲು ನೋಡಬೇಕು. ಮರೆವಿನ ಕಾಯಿಲೆಯ ಹಿರಿಯರು ಹೊರಟ ದಿಕ್ಕಿಗೇ ನೇರ ಹೋಗಿ ಮುಳ್ಳಿನಲ್ಲೋ ಲಂಟಾನದ ಪೊದೆಯಲ್ಲೋ ಸಿಕ್ಕಿಕೊಂಡು ಅಲ್ಲೇ ಕೂರುತ್ತಾರೆ. ಎಷ್ಟು ಕೂಗಿದರೂ ಓಗೊಡುವುದಿಲ್ಲ, ಕಣ್ಣಿನಿಂದಲೇ ಹುಡುಕಬೇಕು. ಮನಸ್ಸು ನೊಂದು ಹೋದವರು ಸಾಮಾನ್ಯವಾಗಿ ದೂರ ಹೋಗಿರುವುದಿಲ್ಲ. ಅವರೂ ಕೂಗಿಗೆ ಉತ್ತರಿಸುವುದಿಲ್ಲ. ಅವರನ್ನು ಗದ್ದಲವಿಲ್ಲದೆ, ಮನೆಯವರಲ್ಲಿ ಒಬ್ಬರನ್ನು ಜೊತೆಗಿಟ್ಟುಕೊಂಡು ಹುಡುಕಬೇಕು.

ಚಾರಣಿಗರ ಲೆಕ್ಕ ಬೇರೆ. 1,712 ಮೀಟರ್ ಎತ್ತರದ ಕುಮಾರಪರ್ವತದಂಥ ಕಡೆ ಹುಲ್ಲುಗಾವಲಿನ ಮೇಲೆ ಮಂಜು ಮುಸುಕಿದರೆ ಹತ್ತು ಮಾರು ಮುಂದೆ ಕಾಣುವುದಿಲ್ಲ. ಕಾಟಿ, ಕಡವೆ ಓಡಾಡಿದ ದಾರಿ ಮನುಷ್ಯರ ಕಾಲುದಾರಿಯಂತೆಯೇ ಇರುತ್ತದೆ. ಅದು ಒಂದಷ್ಟು ದೂರ ಚೆನ್ನಾಗಿ ಹೋಗಿ ಕಣಿವೆಯ ದಟ್ಟ ಶೋಲ ಕಾಡಿನ ಬಳ್ಳಿಯಡಿ ನುಸುಳುತ್ತದೆ. ಮೊಣಕಾಲೆತ್ತರದಲ್ಲಿ ತೆರೆದಿದ್ದು, ಎದೆಯೆತ್ತರದಲ್ಲಿ ಮುಚ್ಚಿದ ದಾರಿ ಮನುಷ್ಯರದ್ದಲ್ಲ. ದಾರಿ ತಪ್ಪಿದ್ದು ತಿಳಿದ ಮೇಲೆ ಹೆಚ್ಚಿನವರು ಎರಡರಲ್ಲಿ ಒಂದು ಮಾಡುತ್ತಾರೆ: ಸಿಗ್ನಲ್ ಹುಡುಕಿ ಎತ್ತರಕ್ಕೆ ಹತ್ತುತ್ತಾರೆ, ಇಲ್ಲವೇ ‘ನೀರು ಹರಿದ ಕಡೆ ಊರಿರುತ್ತದೆ’ ಎಂದು ಹಳ್ಳ ಹಿಡಿದು ಇಳಿಯುತ್ತಾರೆ. ಘಟ್ಟದ ಪೂರ್ವಕ್ಕೆ ಇಳಿದ ಹಳ್ಳ ಕಾಫಿ ತೋಟಕ್ಕೋ ಗದ್ದೆಗೋ ಮುಟ್ಟಿಸಬಹುದು. ಪಶ್ಚಿಮಕ್ಕೆ ಇಳಿದದ್ದು ಜಲಪಾತದ ನೆತ್ತಿಗೆ ಮುಟ್ಟಿಸುತ್ತದೆ. ಇಳಿದ ಪಾಚಿಬಂಡೆಯನ್ನು ವಾಪಸು ಹತ್ತಲಾಗದು, ಮುಂದೆ ಪ್ರಪಾತ. ಹಾಗಾಗಿ ಚಾರಣಿಗರು ಕಾಣೆಯಾದರೆ ಮೊದಲ ತಂಡ ಪಶ್ಚಿಮದ ಕೊಲ್ಲಿಗಳ ಜಲಪಾತಗಳ ಮೇಲ್ತುದಿ, ಕೆಳತುದಿ ಎರಡನ್ನೂ ನೋಡಬೇಕು. ಆ ಹಳ್ಳಗಳಲ್ಲಿ ನೀರಿನ ಸದ್ದಿಗೆ ಕೂಗು ಕೇಳಿಸುವುದಿಲ್ಲ. ಅಲ್ಲಿಗೆ ಸೀಟಿಯೇ ಬೇಕು.

ಮೊಬೈಲ್ ಬಗ್ಗೆ ಎರಡು ಮಾತು. ಪೊಲೀಸರಿಗೆ ಸಿಗುವುದು ಕೊನೆಯ ಟವರ್, ಅದರ ಯಾವ ದಿಕ್ಕಿನ ಆಂಟೆನಾ, ಕೆಲವೊಮ್ಮೆ ಟವರಿನಿಂದ ಎಷ್ಟು ದೂರ ಎನ್ನುವ ಅಂದಾಜು. ಆ ದೂರ 2ಜಿಯಲ್ಲಿ ಸುಮಾರು 550 ಮೀಟರ್ ಹಂತಗಳಲ್ಲಿ, 4ಜಿಯಲ್ಲಿ ಸುಮಾರು 78 ಮೀಟರ್ ಹಂತಗಳಲ್ಲಿ ಬರುತ್ತದೆ. ಆದರೆ ಘಟ್ಟದಲ್ಲಿ ಅಲೆ ಬೆಟ್ಟಕ್ಕೆ ಬಡಿದು ಬರುವುದರಿಂದ ಅದು ತಪ್ಪುವುದುಂಟು. ಕೊಡಗಿನ ಗಡಿಬೆಟ್ಟಗಳಲ್ಲಿ ನಿಂತ ಫೋನು ಕೇರಳದ ಟವರ್ ಹಿಡಿದಿರಬಹುದು. ಅದನ್ನು ನೋಡಿ ‘ಕೇರಳಕ್ಕೆ ಇಳಿದಿದ್ದಾರೆ’ ಎಂದು ತಂಡಗಳನ್ನು ಆಚೆಗೆ ಕಳಿಸಿಬಿಡಬೇಡಿ. ಅದೇ ರೀತಿ ಕಾಣೆಯಾದವರ ಫೋನಿಗೆ ಐವತ್ತು ಜನ ಕರೆ ಮಾಡುವುದನ್ನು ನಿಲ್ಲಿಸಿ, ಬ್ಯಾಟರಿ ಉಳಿಯಲಿ. ಒಂದು ಎಸ್‌ಎಂಎಸ್ ಕಳಿಸಿ: ಇದ್ದಲ್ಲೇ ಇರಿ, ಗಂಟೆಗೊಮ್ಮೆ ಮಾತ್ರ ಫೋನ್ ಆನ್ ಮಾಡಿ, ಲೊಕೇಶನ್ ಕಳಿಸಿ. ಸಿಗ್ನಲ್ ಕ್ಷಣಮಾತ್ರ ಬಂದರೂ ಎಸ್‌ಎಂಎಸ್ ದಾಟುತ್ತದೆ.

ಜಾಡು

ಜಾಡು ನೋಡುವವರು ಮೂವರು ಸಾಕು. ಒಬ್ಬರು ಹೆಜ್ಜೆಯ ಮೇಲೆ ಕಣ್ಣಿಟ್ಟರೆ ಎಡಬಲದ ಇಬ್ಬರು ಕಾಡಿನ ಮೇಲೆ ಕಣ್ಣಿಡುತ್ತಾರೆ. ಬಗ್ಗಿ ನೋಡುತ್ತಿರುವವರಿಗೆ ಸುತ್ತಲಿನ ಅರಿವಿರುವುದಿಲ್ಲ, ಹುಲಿ ಚಿರತೆಗಳಿರುವ ಕಡೆ ಒಂಟಿಯಾಗಿ ಬಗ್ಗಿ ಕೂರುವುದೇ ಅಪಾಯ. ಹೆಜ್ಜೆ ಸಿಕ್ಕಿದರೆ ಅದರ ಪಕ್ಕ ಬೆಂಕಿಪೊಟ್ಟಣ ಇಟ್ಟು ನೇರ ಮೇಲಿನಿಂದ ಫೋಟೊ ತೆಗೆಯಿರಿ. ಮಳೆ ಬರುವಂತಿದ್ದರೆ ಮುತ್ತುಗದೆಲೆಯನ್ನೋ ಬೋಸಿಯನ್ನೋ ಮುಚ್ಚಿ. ನಂತರ ಒಂದು ಕೋಲಿಗೆ ಆ ನಡಿಗೆಯ ಅಳತೆಯನ್ನು, ಹಿಂದಿನ ಹೆಜ್ಜೆಯ ಹಿಮ್ಮಡಿಯಿಂದ ಮುಂದಿನ ಹೆಜ್ಜೆಯ ಹಿಮ್ಮಡಿಗೆ, ಗುರುತು ಮಾಡಿಕೊಳ್ಳಿ. ಕೊನೆಯ ಹೆಜ್ಜೆಯಿಂದ ಕೋಲನ್ನು ಕಮಾನಿನಂತೆ ತಿರುಗಿಸಿದರೆ ಮುಂದಿನ ಹೆಜ್ಜೆ ಆ ಕಮಾನಿನ ಆಸುಪಾಸಿನಲ್ಲೇ ಇರಬೇಕು. ಇಡೀ ನೆಲ ಹುಡುಕುವ ಕೆಲಸ ಒಂದು ಗೇಣಗಲಕ್ಕೆ ಇಳಿಯುತ್ತದೆ.

ಬೆಳಕು ಓರೆಯಾಗಿ ಬೀಳಬೇಕು. ಬೆಳಗ್ಗೆ ಏಳರಿಂದ ಒಂಬತ್ತೂವರೆ, ಸಂಜೆ ನಾಲ್ಕರ ನಂತರ ನೆಲ ಓದಲು ಒಳ್ಳೆಯ ಹೊತ್ತು. ಸೂರ್ಯನಿಗೆ ಮುಖಮಾಡಿ ನೋಡಿ, ನೆರಳು ತುಂಬಿದ ಹೆಜ್ಜೆ ಎದ್ದು ಕಾಣುತ್ತದೆ. ನಡು ಮಧ್ಯಾಹ್ನ ಅದೇ ಹೆಜ್ಜೆ ಕಣ್ಣೆದುರೇ ಮಾಯವಾಗುತ್ತದೆ. ಇಬ್ಬನಿಯ ಹುಲ್ಲಿನಲ್ಲಿ ನಡೆದವರ ಜಾಡು ಕಪ್ಪು ಗೆರೆಯಂತಿರುತ್ತದೆ. ದರಗೆಲೆ ಹಾಸಿದ ಕಾಡಿನಲ್ಲಿ ಅಚ್ಚು ಮೂಡುವುದಿಲ್ಲ, ಅಲ್ಲಿ ಮಗುಚಿದ ಎಲೆಯ ಒದ್ದೆ ಬೆನ್ನು, ಅಡ್ಡ ಬಿದ್ದ ಮರದ ಮೇಲೆ ಸುಲಿದ ಪಾಚಿ, ಹಳ್ಳದ ದಡದ ಕೆಸರು ನೋಡಬೇಕು. ದಾರಿಗೆ ಅಡ್ಡ ದೊಡ್ಡ ಜೇಡರಬಲೆ ಕೆಡದೆ ಇದ್ದರೆ ಆ ಬಲೆ ನೇಯ್ದ ಮೇಲೆ ಯಾರೂ ಹೋಗಿಲ್ಲ ಎಂದಷ್ಟೇ ಅರ್ಥ. ನಿನ್ನೆ ಹೋಗಿರಬಹುದು, ರಾತ್ರಿ ಹೊಸ ಬಲೆ ಕಟ್ಟಿರಬಹುದು.

ಒಂದು ತಪ್ಪು ಪದೇ ಪದೇ ಆಗುತ್ತದೆ. ಕರಡಿಯ ಹಿಂಗಾಲಿನ ಅಚ್ಚು ಬರಿಗಾಲ ಮನುಷ್ಯನ ಪಾದದಂತೆಯೇ ಕಾಣುತ್ತದೆ. ಬೆರಳುಗಳ ಮುಂದೆ ಉಗುರಿನ ತೂತುಗಳಿವೆಯೇ ನೋಡಿ. ಹುಲಿ, ಚಿರತೆ ನಡೆಯುವಾಗ ಉಗುರು ಊರುವುದಿಲ್ಲ. ಸೀಳುನಾಯಿ, ಊರನಾಯಿ ಊರುತ್ತವೆ. ದೊಡ್ಡ ಹುಲಿಯ ಹೆಜ್ಜೆ ಸುಮಾರು 12ರಿಂದ 15 ಸೆಂ.ಮೀ., ಚಿರತೆಯದು 7ರಿಂದ 9.

ಇನ್ನು ಎಲ್ಲರೂ ಬೆಚ್ಚಿಬೀಳುವ ದೃಶ್ಯ: ಕಾಣೆಯಾದವರ ಹೆಜ್ಜೆಯ ಪಕ್ಕದಲ್ಲೇ ಹುಲಿಯ ಹೆಜ್ಜೆ. ಅದರಿಂದಲೇ ಏನೂ ಸಾಬೀತಾಗುವುದಿಲ್ಲ. ಹುಲಿಗೂ ಮುಳ್ಳು ತುಳಿಯುವ ಇಷ್ಟವಿಲ್ಲ, ಜೀಪಿನ ದಾರಿ, ಕಾಲುದಾರಿಯಲ್ಲೇ ನಡೆಯುತ್ತದೆ. ಎರಡು ಹೆಜ್ಜೆ ಒಂದರ ಮೇಲೊಂದು ಬಿದ್ದ ಜಾಗ ಹುಡುಕಿ, ಮೇಲಿರುವುದು ಯಾವುದು ನೋಡಿ. ಹುಲಿಯ ಅಚ್ಚನ್ನು ಚಪ್ಪಲಿ ತುಳಿದಿದ್ದರೆ ಹುಲಿ ಮೊದಲೇ ಹೋಗಿದೆ. ಚಪ್ಪಲಿಯ ಮೇಲೆ ಹುಲಿಯ ಅಚ್ಚಿದ್ದರೂ ನಡಿಗೆಯ ಅಂತರ ನೋಡಬೇಕು. ಮನುಷ್ಯನ ಹೆಜ್ಜೆ ಅದೇ ಅಳತೆಯಲ್ಲಿ ನೆಮ್ಮದಿಯಾಗಿ ಮುಂದೆ ಸಾಗಿದ್ದರೆ, ಅಲ್ಲಿ ಏನೂ ನಡೆದಿಲ್ಲ.

ಹುಡುಕುವವರ ಜೀವ

ತಂಡಕ್ಕೆ ಐದಾರು ಜನ, ಒಬ್ಬರ ಹಿಂದೊಬ್ಬರು. ಎಲ್ಲರಿಗಿಂತ ಹಿಂದೆ ಅನುಭವಿ ವಾಚರ್ ಇರಬೇಕು. ಹುಲಿ ಹೆಚ್ಚಾಗಿ ಬರುವುದು ಹಿಂದಿನಿಂದ, ಹೊಸಬರನ್ನು ಕೊನೆಯಲ್ಲಿ ಬಿಡಬೇಡಿ. ಶೌಚಕ್ಕೆ ಹೋಗುವುದಿದ್ದರೂ ಇಬ್ಬರು ಹೋಗಿ, ಒಬ್ಬರು ನಿಂತೇ ಇರಲಿ.

ಸದ್ದಿನ ವಿಷಯದಲ್ಲಿ ಒಂದು ತೊಡಕಿದೆ. ಹುಲಿ, ಚಿರತೆ, ಕರಡಿಗಳಿಗೆ ನಾವು ಬರುತ್ತಿರುವುದು ಮೊದಲೇ ಕೇಳಿಸಬೇಕು, ಅವು ತಾವಾಗಿ ಸರಿಯುತ್ತವೆ. ಆದರೆ ನಮ್ಮದೇ ಗದ್ದಲದಲ್ಲಿ ಆನೆ ಬಿದಿರು ಮುರಿಯುವ, ಕಿವಿ ಬಡಿಯುವ, ಹೊಟ್ಟೆ ಗುಡುಗುವ ಸದ್ದು ನಮಗೆ ಕೇಳಿಸುವುದಿಲ್ಲ. ಗಾಯಗೊಂಡವರ ಕ್ಷೀಣ ನರಳಿಕೆಯೂ ಕೇಳಿಸುವುದಿಲ್ಲ. ಅದಕ್ಕೆ ಮೂರು ನಿಮಿಷ ನಡೆದು, ಸೀಟಿ ಊದಿ ಕೂಗು ಹಾಕಿ, ಒಂದು ನಿಮಿಷ ಪೂರ್ತಿ ನಿಶ್ಶಬ್ದ ನಿಲ್ಲಿ. ಬೇರೆ ಬೇರೆ ಗುಡ್ಡದ ತಂಡಗಳು ಗಡಿಯಾರ ನೋಡಿ ಒಂದೇ ಹೊತ್ತಿಗೆ ನಿಲ್ಲಬೇಕು, ಇಲ್ಲದಿದ್ದರೆ ಒಬ್ಬರ ಕೂಗಿಗೆ ಇನ್ನೊಬ್ಬರು ಓಗೊಟ್ಟು ಅರ್ಧ ದಿನ ಹಾಳಾಗುತ್ತದೆ. ನಿಂತಾಗ ಬಟ್ಟೆಯ ಚೀಲದಲ್ಲಿಟ್ಟ ಬೂದಿಯನ್ನು ಕೊಡವಿ ಗಾಳಿ ನೋಡಿ. ಮುಖಕ್ಕೆ ಬೀಸುತ್ತಿದ್ದರೆ ಆನೆಯ ವಾಸನೆ ನಮಗೆ ಮೊದಲು, ಬೆನ್ನಿಗೆ ಬೀಸುತ್ತಿದ್ದರೆ ನಮ್ಮ ವಾಸನೆ ಅದಕ್ಕೆ ಮೊದಲು. ಲದ್ದಿ ಬೆಚ್ಚಗಿದ್ದರೆ ಬಂದ ದಾರಿಯಲ್ಲೇ ಹಿಂದಕ್ಕೆ ಬನ್ನಿ.

ಕಾಡು ಸುಳಿವು ಕೊಡುತ್ತಲೇ ಇರುತ್ತದೆ. ಮುಸುವ ಮರದ ತುದಿಯಿಂದ ಕೆಮ್ಮಿದಂತೆ ಕೂಗುವುದು, ಜಿಂಕೆಯ ಚೂಪು ದನಿ ನಮ್ಮನ್ನು ಕಂಡೂ ಇರಬಹುದು. ಕಡವೆ ಒಂದೇ ಕಡೆ ನಿಂತು ‘ಢಾಂಕ್’ ಎಂದು ಬಿಟ್ಟುಬಿಟ್ಟು ಕೂಗಿದರೆ ಅದನ್ನು ನಂಬಿ. ಕಾಗೆ ಗುಂಪು, ನೊಣ, ಕೊಳೆತ ವಾಸನೆ ಸಿಕ್ಕಿತೆಂದು ನೇರ ನುಗ್ಗಬೇಡಿ. ಅದು ಹುಲಿ ಕೊಂದ ಕಡವೆ ಇರಬಹುದು, ಹುಲಿ ಪಕ್ಕದ ಪೊದೆಯಲ್ಲೇ ಮಲಗಿರಬಹುದು. ಅಂಥ ಕಡೆ ಜೀಪಿನಲ್ಲಿ ಅಥವಾ ಇಲಾಖೆಯ ಸಾಕಾನೆಯ ಮೇಲೆ ಹೋಗಿ ನೋಡುವುದೇ ಸರಿ.

ಹುಲಿ, ಚಿರತೆ ಎದುರಾದರೆ ಓಡಬಾರದು, ಬೆನ್ನು ತೋರಿಸಬಾರದು, ಬಗ್ಗಬಾರದು. ಎಲ್ಲರೂ ಒತ್ತಾಗಿ ನಿಂತು, ಕೈ ಎತ್ತಿ, ಗಟ್ಟಿ ದನಿಯಲ್ಲಿ ಮಾತಾಡುತ್ತ ಹಿಂದಕ್ಕೆ ಸರಿಯಿರಿ. ಕರಡಿ ಹತ್ತಿರದಲ್ಲೇ ಎದ್ದು ಮೈಮೇಲೆ ಬಂದರೆ ಬೋರಲು ಮಲಗಿ, ಮುಖ ನೆಲಕ್ಕೆ ಒತ್ತಿ, ಕೈಗಳಿಂದ ಕತ್ತಿನ ಹಿಂಭಾಗ ಮುಚ್ಚಿಕೊಳ್ಳಿ. ಅದು ಹೋಗುವುದು ಮುಖಕ್ಕೆ.

ನಾಯಿ ಉಪಯೋಗಿಸುವುದಾದರೆ ಮೊದಲ ದಿನವೇ, ಜನ ತುಳಿಯುವ ಮುಂಚೆ. ತೊಳೆಯದ ಬನಿಯನ್ನನ್ನೋ ತಲೆದಿಂಬಿನ ಚೀಲವನ್ನೋ ಕೈಯಲ್ಲಿ ಮುಟ್ಟದೆ ಹೊಸ ಕವರಿನಲ್ಲಿ ಹಾಕಿಡಿ. ಚಿರತೆಗೆ ನಾಯಿ ಎಂದರೆ ಬೇಟೆ, ಹಾಗಾಗಿ ಹಗ್ಗ ಬಿಚ್ಚಬಾರದು. ಉಷ್ಣ ಕ್ಯಾಮೆರಾದ ಡ್ರೋನ್ ಬೆಳಗಿನ ಜಾವ ಚೆನ್ನಾಗಿ ಕೆಲಸ ಮಾಡುತ್ತದೆ. ಬಿಸಿಲೇರಿದರೆ ಬಂಡೆಯೂ ಬಿಸಿ, ಮೈಯೂ ಬಿಸಿ. ಹುಲ್ಲುಗಾವಲು, ಬಂಡೆಬಯಲಿಗೆ ಅದು ವರ. ಎಲೆ ದಟ್ಟವಾದ ಕಾನಿನೊಳಗೆ ಕಾಣುವುದೇ ಕಡಿಮೆ. ಅದರ ಗುಂಯ್ ಸದ್ದಿಗೆ ಆನೆ ಬೆದರಿ ಓಡುವುದರಿಂದ, ಡ್ರೋನ್ ಹಾರುವಾಗ ಕೆಳಗೆ ತಂಡ ಇರಬಾರದು.

ಸಾಲು ಕಟ್ಟಿ ಶೋಧ, ಮತ್ತು ರಾತ್ರಿ

ಸಾಲು ಕಟ್ಟಿ ಬಾಚುವುದು ಕೊನೆಯ ಉಪಾಯ, ಮೊದಲಿನದ್ದಲ್ಲ. ಲಂಟಾನದಲ್ಲಿ 10 ಜನ 10 ಮೀಟರ್ ಅಂತರದಲ್ಲಿ ಗಂಟೆಗೆ 500 ಮೀಟರ್ ಸಾಗಿದರೆ ಮುಗಿಯುವುದು 5 ಹೆಕ್ಟೇರ್. ಒಂದು ಚದರ ಕಿ.ಮೀ.ಗೆ 20 ಗಂಟೆ ಬೇಕು. ಅಷ್ಟು ಮಾಡಿದರೂ ‘ಇಲ್ಲಿ ಇಲ್ಲ’ ಎಂದು ನಕ್ಷೆಯಲ್ಲಿ ಅಡ್ಡಗೆರೆ ಎಳೆಯಬೇಡಿ. ಇದ್ದವರು ಕಣ್ಣಿಗೆ ಬೀಳುವ ಸಾಧ್ಯತೆ ಒಂದು ಸಲಕ್ಕೆ ಅರ್ಧಕ್ಕರ್ಧ ಎಂದಿಟ್ಟುಕೊಂಡರೆ ಎರಡನೇ ಸಲಕ್ಕೆ ಅದು ಶೇ 75, ಮೂರನೇ ಸಲಕ್ಕೆ ಶೇ 87.5. ಎರಡನೇ ಸಲ ಅಡ್ಡ ದಿಕ್ಕಿನಿಂದ ಬನ್ನಿ, ಪೊದೆಯ ಆ ಮಗ್ಗುಲು ಆಗ ಕಾಣುತ್ತದೆ. ಪ್ರತಿ ತಂಡದ ಒಬ್ಬರ ಫೋನಿನಲ್ಲಿ ಜಿಪಿಎಸ್ ಜಾಡು ದಾಖಲಾಗಲಿ. ಅದಕ್ಕೆ ನೆಟ್‌ವರ್ಕ್ ಬೇಕಿಲ್ಲ. ವೈರ್‌ಲೆಸ್ ಗುಡ್ಡದಾಚೆ ಮುಟ್ಟುವುದಿಲ್ಲವಾದ್ದರಿಂದ ಎತ್ತರದಲ್ಲಿ ಒಬ್ಬರನ್ನು ಸುದ್ದಿ ದಾಟಿಸಲೆಂದೇ ಕೂರಿಸಿ.

ಕತ್ತಲಾದ ಮೇಲೆ ಆನೆ ಹುಲಿ ಇರುವ ಕಾಡಿನೊಳಗೆ ಕಾಲ್ನಡಿಗೆಯ ಹುಡುಕಾಟ ಬೇಡ. ಮನೆಯವರಿಗೆ ಇದನ್ನು ಹೇಳುವುದು ಬಹಳ ಕಷ್ಟ, ಆದರೂ ಹೇಳಲೇಬೇಕು. ಹುಡುಕಾಟ ನಿಲ್ಲುವುದಿಲ್ಲ, ಬಗೆ ಬದಲಾಗುತ್ತದೆ ಎಂದು ವಿವರಿಸಿ. ಕಾವಲು ಜಾಗಗಳಲ್ಲಿ ಜನ ಉಳಿಯುತ್ತಾರೆ, ಜೀಪು ದೀಪ ಹಾಕಿ ನಿಂತು ಅರ್ಧ ಗಂಟೆಗೊಮ್ಮೆ ಹಾರ್ನ್ ಹೊಡೆಯುತ್ತದೆ, ಎತ್ತರದಲ್ಲಿ ದೀಪ ಉರಿಯುತ್ತದೆ. ರಾತ್ರಿಯ ತಣ್ಣನೆ ಗಾಳಿಯಲ್ಲಿ ಸದ್ದು ದೂರಕ್ಕೆ ಕೇಳುತ್ತದೆ, ಕಿವಿಗೊಡುವವರು ಎಚ್ಚರವಿರಬೇಕು.

ಪ್ರಾಣಿಯೇ ಎಂದಾದರೆ

ಹುಲಿ, ಚಿರತೆ ಹಿಡಿದ ಜಾಗದಲ್ಲಿ ಚಪ್ಪಲಿ, ಕತ್ತಿ, ಟವೆಲು ಬಿದ್ದಿರುತ್ತದೆ. ರಕ್ತ, ಒಂದೇ ದಿಕ್ಕಿಗೆ ಬಾಗಿದ ಗಿಡ, ಎಳೆದ ಜಾಡು ದಟ್ಟ ಪೊದೆಯ ಕಡೆ ಹೋಗಿರುತ್ತದೆ. ಆನೆಯಾದರೆ ಎಳೆದಿರುವುದಿಲ್ಲ, ಸುತ್ತ ನೆಲ ತುಳಿದು ಹದಗೆಟ್ಟಿರುತ್ತದೆ. ಕೆಲವೊಮ್ಮೆ ಆನೆ ದೇಹದ ಮೇಲೆ ಸೊಪ್ಪು ಮುಚ್ಚಿ ಹೋಗಿರುತ್ತದೆ, ಹಾಗಾಗಿ ಸೊಪ್ಪಿನ ಗುಡ್ಡೆಯನ್ನೂ ನೋಡಬೇಕು. ಕರಡಿ ದಾಳಿಗೆ ಸಿಕ್ಕವರು ಮುಖ, ತಲೆಗೆ ಭೀಕರ ಗಾಯವಾಗಿಯೂ ಬದುಕಿರುತ್ತಾರೆ. ರಕ್ತ ಕಂಡ ಕೂಡಲೇ ಆಸೆ ಬಿಡಬೇಡಿ, ಸುತ್ತ 300 ಮೀಟರ್ ಚೆನ್ನಾಗಿ ಹುಡುಕಿ.

ಬಿದ್ದೋ ಕಾಯಿಲೆಯಿಂದಲೋ ತೀರಿಕೊಂಡವರ ದೇಹವನ್ನು ಕಾಡುಹಂದಿ, ಉಡ, ಚಿರತೆ ನಂತರ ಮುಟ್ಟಿರುವುದೂ ಉಂಟು. ಬದುಕಿದ್ದಾಗ ಆದ ಗಾಯಕ್ಕೂ ಆಮೇಲೆ ಆದದ್ದಕ್ಕೂ ಇರುವ ವ್ಯತ್ಯಾಸವನ್ನು ಹೇಳಬೇಕಾದ್ದು ಮರಣೋತ್ತರ ಪರೀಕ್ಷೆ ಮಾಡುವ ವೈದ್ಯರು. ಅದರ ಮೇಲೆ ಕುಟುಂಬದ ಪರಿಹಾರವೂ ನಿಂತಿದೆ, ಒಂದು ಹುಲಿಯ ಹಣೆಬರಹವೂ ನಿಂತಿದೆ. ಆದ್ದರಿಂದ ದೇಹವನ್ನು ತೊಳೆಯಬಾರದು, ಬಟ್ಟೆ ಬದಲಿಸಬಾರದು. ಗಾಯದ ಸುತ್ತ ಹಾಗೂ ಬಟ್ಟೆಯ ಮೇಲಿನ ಜೊಲ್ಲಿನ ಮಾದರಿಯನ್ನು ನೆರಳಲ್ಲಿ ಒಣಗಿಸಿ ಕಾಗದದ ಲಕೋಟೆಯಲ್ಲಿ ಇಡಬೇಕು. ಪ್ಲಾಸ್ಟಿಕ್ಕಿನಲ್ಲಿ ಬೆವರಿ ಕೊಳೆಯುತ್ತದೆ. ಹೈದರಾಬಾದಿನ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಸಿಸಿಎಂಬಿಯ ವನ್ಯಜೀವಿ ವಿಭಾಗವಾದ ಲ್ಯಾಕೋನ್ಸ್‌ನಂಥ ಪ್ರಯೋಗಾಲಯದಲ್ಲಿ ಡಿಎನ್ಎಯಿಂದ ಅದು ಯಾವ ಪ್ರಾಣಿಯದೆಂದು ಗುರುತಿಸಬಹುದು, ಕಾಡಿನಲ್ಲಿ ತಾನಾಗಿ ಚಿತ್ರ ತೆಗೆಯುವ ಕ್ಯಾಮೆರಾ ಟ್ರ್ಯಾಪ್‌ನಲ್ಲಿ ಬಿದ್ದ ಪಟ್ಟೆಗಳಿಂದ ಯಾವ ಹುಲಿ ಎಂದು ತಿಳಿಯಬಹುದು. ಇಷ್ಟಾಗದೆ ಸಿಕ್ಕ ಹುಲಿಯನ್ನು ಹಿಡಿದು ಒಯ್ದರೆ ನಿಜವಾಗಿ ಅಪಾಯ ಮಾಡಿದ ಪ್ರಾಣಿ ಅಲ್ಲೇ ಉಳಿಯುತ್ತದೆ.

ಸಿಕ್ಕ ಮೇಲೆ

ಮಳೆಗಾಲದಲ್ಲಿ ಸಿಕ್ಕವರು ನಡುಗುವುದನ್ನು ನಿಲ್ಲಿಸಿ ತೊದಲುತ್ತಿದ್ದರೆ ಸುಧಾರಿಸಿದ್ದಾರೆಂದು ತಿಳಿಯಬೇಡಿ, ಮೈಯ ಬಿಸಿ 35 ಡಿಗ್ರಿಗಿಂತ ಬಹಳ ಕೆಳಗಿಳಿದಿದೆ. ಒದ್ದೆ ಬಟ್ಟೆ ತೆಗೆದು, ಒಣ ಕಂಬಳಿ ಸುತ್ತಿ, ನೆಲದ ತಂಪು ತಾಗದಂತೆ ಕೆಳಗೂ ಏನಾದರೂ ಹಾಸಿ. ಕೈಕಾಲು ತಿಕ್ಕಬೇಡಿ, ನಡೆಸಬೇಡಿ, ಸಾರಾಯಿ ಕುಡಿಸಬೇಡಿ. ಪೂರ್ತಿ ಎಚ್ಚರವಿದ್ದು ನುಂಗಬಲ್ಲವರಾದರೆ ಮಾತ್ರ ಬೆಚ್ಚನೆಯ ಬೆಲ್ಲದ ನೀರನ್ನು ಗುಟುಕು ಗುಟುಕಾಗಿ ಕೊಡಿ. ಎರಡು ಮೂರು ದಿನ ಹಸಿದವರಿಗೆ ಹೊಟ್ಟೆ ತುಂಬ ಅನ್ನ ಇಕ್ಕಬೇಡಿ. ಓಆರ್‌ಎಸ್, ಗಂಜಿ ಸಾಕು.

ಬೆನ್ನು, ಸೊಂಟಕ್ಕೆ ಪೆಟ್ಟಿಲ್ಲವಾದರೆ ಕಂಬಳಿ ಜೋಲಿಯಲ್ಲಿ ಹೊರಬಹುದು, ಪೆಟ್ಟಾಗಿದ್ದರೆ ಗಟ್ಟಿ ಸ್ಟ್ರೆಚರ್ ಬರುವವರೆಗೆ ಕಾಯಬೇಕು. ಹೊರಲು ಎಂಟು ಜನ, ಬದಲಿಗೆ ಇನ್ನೆಂಟು ಜನ, ಮುಂದೆ ದಾರಿ ಸವರಲು ಇಬ್ಬರು, ಕಡಿದಾದ ಇಳಿಜಾರಿಗೆ 30 ಮೀಟರ್ ಹಗ್ಗ. ಒಂದು ಕಿ.ಮೀ.ಗೆ ಒಂದು ಗಂಟೆಯಾದರೂ ಹಿಡಿಯುತ್ತದೆ. ಆ ಹೊತ್ತಿನಲ್ಲಿ ಆಚೆ ಗುಡ್ಡದಲ್ಲಿ ಇನ್ನೂ ಹುಡುಕುತ್ತಿರುವವರಿಗೆ ಸುದ್ದಿ ಮುಟ್ಟಿಸಿ. ಬೆಳಗ್ಗೆ ಕಾಡು ಹೊಕ್ಕಾಗ ಬರೆದಿಟ್ಟ ಪಟ್ಟಿ ಹಿಡಿದು ಒಬ್ಬೊಬ್ಬರ ಹೆಸರು ಕರೆದು, ಕೊನೆಯವರು ‘ಇದ್ದೇನೆ’ ಎನ್ನುವವರೆಗೆ ಜೀಪು ಹೊರಡಬಾರದು.